ಕೆರೆಯ ವಿಮಾನ ಕಟ್ಟಿದ ಅಂಬಣ್ಣ

ಕಮಲಾಪುರದಲ್ಲಿ ಅಂಬಣ್ಣ ಬಡಿಗೇರನ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ವಿಮಾನದ ಅಂಬಣ್ಣ ಎಂದರೆ ಮಾತ್ರ ಸಂತೆಯಲ್ಲಿ ಬಾಳೆಹಣ್ಣು ಮಾರುವವಳೂ ಕೈ ಮಾಡಿ ಓಣಿ ತೋರಿಸುತ್ತಿದ್ದಳು, ತೋರಿಸಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಏಳದ ವಿಮಾನ ಕಟ್ಟಿದವನಿಗೆ ಊರು ಕೊಟ್ಟ ಬಿರುದು ಅದು. ನಗುವವರಿಗೇನು, ಅವರ ಗಂಟೇನು ಹೋಗುವುದಿತ್ತು? ಆ ವಿಮಾನದ ಜೊತೆ ಅಂಬಣ್ಣ ಕಳೆದುಕೊಂಡದ್ದು ಏನೆಂದು ಗೊತ್ತಿದ್ದವಳು ಅವನ ಹೆಂಡತಿ ದುಂಡಮ್ಮ ಒಬ್ಬಳೇ, ಅವಳು ಓಣಿಯಲ್ಲಿ ಕೂತು ಹೇಳಿಕೊಳ್ಳುವ ಪೈಕಿಯವಳಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಂಬಣ್ಣ ಹೈದರಾಬಾದಿಗೆ ಹೋಗಿ ಬೇಗಂಪೇಟೆಯ ಕಡೆ ವಿಮಾನ ರಿಪೇರಿ ಮಾಡುವ ಕಾರಖಾನೆಯೊಂದರಲ್ಲಿ ಬಡಿಗನಾಗಿ ಸೇರಿದ್ದ. ಆಗಿನ ಸಣ್ಣ ವಿಮಾನಗಳ ರೆಕ್ಕೆಯೆಂದರೆ ಒಳಗೆ ಕಟ್ಟಿಗೆಯ ಪಕ್ಕೆಲುಬು, ಮೇಲೆ ಬಿಗಿದ ಬಟ್ಟೆ, ಅಷ್ಟೇ. ನೇಗಿಲು ಕೆತ್ತಿದ ಕೈಗೆ ಆ ಕೆಲಸ ಬೇಗ ಹತ್ತಿತು. ಅಲ್ಲಿಯೇ ಅವನಿಗೆ ಬಿಸ್ಮಿಲ್ಲಾ ಸಿಕ್ಕ. ಬಿಸ್ಮಿಲ್ಲಾ ಎಂಜಿನ್ ಮಿಸ್ತ್ರಿ, ಕಲಬುರಗಿಯವ. ಪರ ಊರಿನಲ್ಲಿ ತಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ತಡ, ಇಬ್ಬರೂ ಒಂದೇ ಖೋಲಿ ಹಿಡಿದರು. ಒಬ್ಬ ರೊಟ್ಟಿ ಬಡಿದರೆ ಇನ್ನೊಬ್ಬ ಪುಂಡಿಪಲ್ಲೆ ಕುದಿಸುತ್ತಿದ್ದ. ಬಡಿಗೇರನ ಜನಿವಾರವಾಗಲಿ ಮಿಸ್ತ್ರಿಯ ನಮಾಜಾಗಲಿ ಆ ಒಲೆಯ ಹತ್ತಿರ ಜಗಳವಾಡಿದ್ದು ಯಾರೂ ನೋಡಲಿಲ್ಲ.

ಯುದ್ಧ ಮುಗಿಯಿತು, ಕಾರಖಾನೆ ಅರ್ಧ ಜನರನ್ನು ಮನೆಗೆ ಕಳಿಸಿತು. ಇಬ್ಬರೂ ಊರಿಗೆ ಬಂದರು. ಬಿಸ್ಮಿಲ್ಲಾ ಕಲಬುರಗಿಯ ಜಗತ್ ಎಂಬ ಬಡಾವಣೆಯ ಹತ್ತಿರ ತಗಡಿನ ಶೆಡ್ಡು ಹಾಕಿ ಮೋಟಾರು ರಿಪೇರಿಗೆ ಕೂತ. ಅವನ ಪಕ್ಕದಲ್ಲೇ ಅಂಬಣ್ಣ ಟಾಂಗಾ ಕಟ್ಟಲು ಕೂತ. ವಿಮಾನ ಕಟ್ಟಿದವನು ಟಾಂಗಾದ ಮೂಕಿ ಕೆತ್ತುವುದು ಎಂದರೆ ಒಳಗೊಳಗೇ ಸಂಕಟ, ಆದರೆ ಹೊಟ್ಟೆ ಕೇಳಬೇಕಲ್ಲ.

ಆಗ ಬಂದ ಒಬ್ಬ ಜಾಗೀರದಾರನ ಮಗ. ಊರವರು ಅವನನ್ನು ಸಣ್ಣ ನವಾಬ ಎನ್ನುತ್ತಿದ್ದರು. ಅವನ ಮೋಟಾರು ಬಿಸ್ಮಿಲ್ಲಾನ ಕೈಯಲ್ಲಿ ಪಳಗಿತ್ತು. ಕೆರೆಗೆ ಬರುವ ಬಾತುಕೋಳಿಗಳ ಶಿಕಾರಿ ಅವನ ಹುಚ್ಚು. ನಮ್ಮ ಸೀಮೆಯ ಕರಿಮಣ್ಣಿನಲ್ಲಿ ಮಳೆಯಾದರೆ ಎತ್ತಿನ ಬಂಡಿಯೇ ಹೂತು ಹೋಗುತ್ತದೆ, ಮೋಟಾರು ಎಲ್ಲಿ ಹೋಗಬೇಕು? ಆದ್ದರಿಂದ ಅವನಿಗೆ ಕೆರೆಯ ನೀರಿನ ಮೇಲೂ ಇಳಿಯುವ, ತನ್ನ ಮೈದಾನದ ಮೇಲೂ ಇಳಿಯುವ, ಇಬ್ಬರೇ ಕೂಡುವ ಒಂದು ಆಟದ ವಿಮಾನ ಬೇಕಾಗಿತ್ತು. ಎಲ್ಲಿಂದಲೋ ಮುರಿದ ವಿಮಾನದ ಎಂಜಿನ್ ಒಂದನ್ನು ತರಿಸಿ ಶೆಡ್ಡಿನಲ್ಲಿ ಇಳಿಸಿದ. ಜೊತೆಗೆ ವಿಲಾಯತಿ ಪತ್ರಿಕೆಯಿಂದ ಹರಿದ ಒಂದು ಚಿತ್ರ ಕೊಟ್ಟ. ಸರೋವರದಲ್ಲಿ ತೇಲುತ್ತ ನಿಂತ ವಿಮಾನ ಅದು.

ಆ ಚಿತ್ರ ನೋಡಿ ಇಬ್ಬರಿಗೂ ನಿದ್ದೆ ಹಾರಿಹೋಯಿತು. ರೆಕ್ಕೆ ಕಾಣುತ್ತಿತ್ತು, ಬಾಲ ಕಾಣುತ್ತಿತ್ತು, ನೀರು ಸಿಡಿಯದಂತೆ ಎಂಜಿನ್ನನ್ನು ರೆಕ್ಕೆಯ ಮೇಲೆ ಏರಿಸಿ ಕಟ್ಟಿದ್ದೂ ಕಾಣುತ್ತಿತ್ತು. ಹೊಟ್ಟೆ ಮಾತ್ರ ನೀರಿನೊಳಗಿತ್ತು. ಅದರ ತಳ ಹೇಗಿರುತ್ತದೆ ಎಂದು ಚಿತ್ರವೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಬೇಗಂಪೇಟೆಯಲ್ಲಿ ಇಬ್ಬರೂ ಕಂಡದ್ದು ನೆಲದ ವಿಮಾನಗಳನ್ನೇ. ಸಮುದ್ರವನ್ನಂತೂ ಅವರ ಏಳು ತಲೆಮಾರಿನಲ್ಲಿ ಯಾರೂ ಕಂಡಿರಲಿಲ್ಲ.

ಕಮಲಾಪುರದಲ್ಲಿ ಅಂಬಣ್ಣನ ಮನೆಯ ಹಿಂದೆ ದೊಡ್ಡ ಹಿತ್ತಲಿತ್ತು, ಅದರಾಚೆ ಒಂದಿಷ್ಟು ನಡೆದರೆ ಕೆರೆ. ಅಲ್ಲಿಯೇ ವಿಮಾನ ಕಟ್ಟುವುದೆಂದಾಯಿತು. ಮೊದಲು ಗೇಣುದ್ದದ ಗೊಂಬೆ ವಿಮಾನ ಕೆತ್ತಿ ಎಮ್ಮೆ ನೀರು ಕುಡಿಯುವ ದೋಣಿಯಲ್ಲಿ ತೇಲಿಬಿಟ್ಟರು, ಮೂಗು ಮುಳುಗಿದರೆ ಬಾಲಕ್ಕೆ ಸೀಸ ಕಟ್ಟಿ ನೋಡಿದರು. ಚಹಾದ ಪೆಟ್ಟಿಗೆಗಳ ತೆಳು ಹಲಗೆಯಿಂದ ಹೊಟ್ಟೆಯ ಒಳ ಪದರ ಮಾಡಿದರು, ಅದರ ಮೇಲೆ ಕಲ್ಲು ಬಡಿದರೆ ತಡೆಯಲೆಂದು ಸಾಗವಾನಿಯ ಹೊರ ಪದರ ಹೊದಿಸಿದರು. ನೀರಿಗಿಳಿದಾಗ ಗಾಲಿಗಳನ್ನು ಮೇಲಕ್ಕೆ ಎಳೆದುಕೊಳ್ಳಲು ಬಿಸ್ಮಿಲ್ಲಾ ಸೈಕಲ್ಲಿನ ಚೈನು ಹಚ್ಚಿ ಒಂದು ಹಿಡಿಕೆ ಕೂಡಿಸಿದ. ರೆಕ್ಕೆಗೆ ಬಟ್ಟೆ ಹೊಲಿದವಳು ದುಂಡಮ್ಮ. ಕೌದಿ ಹೊಲಿಯುವುದರಲ್ಲಿ ಅವಳ ಕೈಗೆ ಸಮನಾದವರು ಆ ಓಣಿಯಲ್ಲಿ ಇರಲಿಲ್ಲ. ಕಲಬುರಗಿಯಿಂದ ಬಿಸ್ಮಿಲ್ಲಾನ ಹೆಂಡತಿ ಜಾಹೇದಾ ಬಂದಾಗಲೆಲ್ಲ ರೆಕ್ಕೆಯ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ಕೂತು ಸೂಜಿ ದಾಟಿಸುತ್ತಿದ್ದರು.

"ಅಕ್ಕಾ, ಇದು ಹಾರ್ತದೇನು ಖರೇನೇ?" ಎಂದು ಜಾಹೇದಾ ಕೇಳಿದರೆ ದುಂಡಮ್ಮ, "ಹಾರಲಿಲ್ಲಂದ್ರ ಚಳಿಗಾಲಕ್ಕ ಹೊತ್ಕೊಳ್ಳಾಕ ಆಗ್ತದ ಬಿಡವಾ" ಎನ್ನುತ್ತಿದ್ದಳು.

ಅಂಬಣ್ಣನಿಗೆ ಒಂದು ಚಟವಿತ್ತು. ಚಟ ಎನ್ನಬೇಕೋ ಸೊಕ್ಕು ಎನ್ನಬೇಕೋ. ತಾನು ಗೀಸಿದ ಹಲಗೆಯ ಮೇಲೆ ಕಣ್ಣು ಮುಚ್ಚಿ ಅಂಗೈ ಓಡಿಸಿದರೆ ಎಲ್ಲಿಯೂ ತಡೆಯಬಾರದು. ತಡೆದರೆ ಆ ದಿನ ಅವನಿಗೆ ಅನ್ನ ಸೇರದು. ಅವನಪ್ಪನೂ ಹಾಗೆಯೇ, ಅಜ್ಜನೂ ಹಾಗೆಯೇ. ವಿಮಾನದ ತಳವನ್ನು ಅವನು ಮೂಗಿನಿಂದ ಬಾಲದವರೆಗೆ ಒಂದೇ ಸಮನೆ ಬಾಗಿದಂತೆ ಗೀಸಿ, ಉಜ್ಜಿ, ಅಗಸಿ ಎಣ್ಣೆ ಕುಡಿಸಿ, ಮೇಣ ತಿಕ್ಕಿದ. ನುಣ್ಣಗಿದ್ದಷ್ಟೂ ನೀರಿನ ಮೇಲೆ ಜಾರುತ್ತದೆ, ಜಾರಿದಷ್ಟೂ ಬೇಗ ಏಳುತ್ತದೆ ಎಂಬುದು ಅವನ ಲೆಕ್ಕ. ಕೇಳಿದ ಯಾರಿಗಾದರೂ ಸರಿ ಎನಿಸುವ ಲೆಕ್ಕವೇ.

ವಿಮಾನ ಮುಗಿಯುವ ಮುನ್ನ ನಿಜಾಮನ ರಾಜ್ಯವೇ ಮುಗಿಯಲು ಕೂತಿತು. ನಿಜಾಮನ ಪರ ಬಡಿದಾಡುವ ರಜಾಕಾರರು ಊರೂರು ತಿರುಗತೊಡಗಿದರು. ಬಿಸ್ಮಿಲ್ಲಾನ ಶೆಡ್ಡಿಗೂ ಬಂದು ನಮ್ಮ ದಂಡಿಗೆ ಬಾ ಎಂದರು. "ಎಂಜಿನ್ ಬಿಚ್ಚಿ ಹಾಕೀನಿ, ಕೈಯೆಲ್ಲ ಗ್ರೀಸ್ ಆಗ್ಯಾವ" ಎಂದು ಅವನು ತಲೆ ಎತ್ತದೆ ಕೂತ. ಆಮೇಲೆ ಸಪ್ಟಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಯಿತು, ಹುಮನಾಬಾದ ರಸ್ತೆಯಲ್ಲಿ ಫೌಜಿನ ಲಾರಿಗಳು ಸಾಲಾಗಿ ಹೋದವು, ನಿಜಾಮ ಶರಣಾದ. ಸಣ್ಣ ನವಾಬ ಎಂಜಿನ್ನನ್ನೂ ಬಾತುಕೋಳಿಗಳನ್ನೂ ಬಿಟ್ಟು ಹೇಳದೆ ಕೇಳದೆ ಊರು ಬಿಟ್ಟ. ರಜಾಕಾರರು ಮಾಡಿದ್ದರ ಸೇಡನ್ನು ಜನ ಏನೂ ಮಾಡದವರ ಮೇಲೆ ತೀರಿಸಿಕೊಳ್ಳತೊಡಗಿದರು. ಹಳ್ಳಿಯೊಂದರಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬಿಸ್ಮಿಲ್ಲಾನ ತಮ್ಮನನ್ನು ಕೊಂದು ಬಾವಿಗೆ ಹಾಕಿದರು.

ಅಂಬಣ್ಣ ಬಂಡಿ ಕಟ್ಟಿಕೊಂಡು ಕಲಬುರಗಿಗೆ ಹೋದ. ಜೋಳದ ಕಣಕಿಯ ಕೆಳಗೆ ಗಂಡ ಹೆಂಡತಿಯನ್ನು ಮಲಗಿಸಿಕೊಂಡು ಕಮಲಾಪುರಕ್ಕೆ ತಂದ. ಮನೆಯಲ್ಲಿ ಇಟ್ಟರೆ ಗೊತ್ತಾಗುತ್ತದೆಂದು ವಿಮಾನದ ಹೊಟ್ಟೆಯೊಳಗೆ ಇಟ್ಟ. ಬಡಿಗೆ ಹಿಡಿದ ಗುಂಪೊಂದು ಹಿತ್ತಲಿಗೆ ಬಂದಾಗ ದುಂಡಮ್ಮ ಅದೇ ಹೊಟ್ಟೆಗೆ ಬೆನ್ನು ಕೊಟ್ಟು ಕೂತು ರೆಕ್ಕೆಯ ಬಟ್ಟೆ ಹೊಲಿಯುತ್ತಿದ್ದಳು.

"ಇದರಾಗ ಏನದ?" ಎಂದ ಮುಂದಿನವ.

"ಏನ್ ಇರ್ತದರೀ, ನನ್ನ ಗಂಡನ ಹುಚ್ಚು ಅದ. ಬೇಕಂದ್ರ ಹೊತ್ಕೊಂಡು ಹೋಗ್ರಿ, ಹಿತ್ಲರ ಖಾಲಿ ಆಗ್ತದ" ಎಂದಳು ದುಂಡಮ್ಮ, ಸೂಜಿ ನಿಲ್ಲಿಸದೆ.

ಗುಂಪು ನಕ್ಕು ಹೊರಟುಹೋಯಿತು. ಅವರು ಓಣಿ ದಾಟಿದ ಮೇಲೆ ಅವಳು ಬೇಲಿಯ ಹತ್ತಿರ ಹೋಗಿ ನೋಡಿ ಬಂದು, ಹೊಟ್ಟೆಯ ಹಲಗೆಯನ್ನು ಎರಡು ಸಲ ತಟ್ಟಿದಳು. ಆ ವಿಮಾನ ಎರಡು ಜೀವ ಉಳಿಸಿತು. ಅಲ್ಲಿಂದ ಮುಂದೆ ಅದು ಯಾವ ಉಪಕಾರವನ್ನೂ ಮಾಡಲಿಲ್ಲ.

ಗದ್ದಲ ತಣ್ಣಗಾಯಿತು, ಬಿಸ್ಮಿಲ್ಲಾ ಶೆಡ್ಡಿನ ಬಾಗಿಲು ಮತ್ತೆ ತೆಗೆದ. ಜಾಹೇದಾ ಮಾತ್ರ ಮೊದಲಿನವಳಾಗಲಿಲ್ಲ. ಬೀದಿಯಲ್ಲಿ ಯಾರಾದರೂ ಜೋರಾಗಿ ಕೂಗಿದರೆ ಅಡುಗೆಮನೆಯ ಮೂಲೆಗೆ ಹೋಗಿ ಕೂಡುತ್ತಿದ್ದಳು. ಅವಳ ಅಣ್ಣಂದಿರು ಕರಾಚಿಗೆ ಹೋಗಿದ್ದರು, ಬನ್ನಿ ಎಂದು ಹೇಳಿ ಕಳಿಸುತ್ತಿದ್ದರು. ಮನೆಯಲ್ಲಿ ದಿನಾ ಅದೇ ಮಾತು. ಒಂದು ದಿನ ಅಂಬಣ್ಣನ ಹಿತ್ತಲಲ್ಲಿ ನಾಲ್ವರೂ ಕೂತಿದ್ದಾಗ ಅವಳು ಎಲ್ಲರೆದುರೇ ಗಂಡನನ್ನು ಕೇಳಿದಳು: "ಇಲ್ಲಿ ಏನದ ನಮಗ? ಹೇಳ್ರಿ."

ಬಿಸ್ಮಿಲ್ಲಾ ವಿಮಾನದ ಕಡೆ ಕೈ ಮಾಡಿದ. "ಇದು ಅದ. ಇದು ನೀರು ಬಿಟ್ಟು ಎದ್ದರ ಹೊಸ ಸರಕಾರದವ್ರು ತಾವೇ ಕರೀತಾರ. ಸರಕಾರದ ಮಿಸ್ತ್ರಿಗಿ ಯಾರು ಕೈ ಹಚ್ತಾರ? ಬರೂ ಮಳಿಗಿ ಕೆರಿ ತುಂಬಿ ಮತ್ತ ಬತ್ತೂತನಕ ತಡಿ. ಎದ್ದರ ಇಲ್ಲೇ ಇರೋಣು, ನಾ ಅಂಬಣ್ಣನ್ನ ಬಿಟ್ಟು ಎಲ್ಲೂ ಹೋಗಂಗಿಲ್ಲ. ಏಳಲಿಲ್ಲಂದ್ರ ನೀ ಹೇಳಿದಂಗ, ಹಿಂದ ತಿರುಗಿ ನೋಡಂಗಿಲ್ಲ. ಜುಬಾನ್ ಕೊಟ್ಟೀನಿ."

ಜಾಹೇದಾ "ಹೂಂ" ಎಂದಳು. ಅಲ್ಲಿಯವರೆಗೆ ವಿಮಾನ ಏಳಬೇಕು ಎಂಬುದು ಅಂಬಣ್ಣನ ಆಸೆಯಾಗಿತ್ತು, ಈಗ ಗೆಳೆಯ ಉಳಿಯಬೇಕಾದರೆ ಅದು ಎದ್ದೇ ತೀರಬೇಕಾಯಿತು.

ಮರುವರ್ಷ ಮಳೆ ಚೆನ್ನಾಗಿ ಹಿಡಿದು ಕೆರೆ ತುಂಬಿತು. ಚಳಿಗಾಲ ಹಿಡಿಯುತ್ತಲೇ ವಿಮಾನವನ್ನು ಅದರ ಗಾಲಿಗಳ ಮೇಲೆಯೇ ಎಳೆದು ನೀರಿಗಿಳಿಸಿದರು. ನಡುವೆ ಪೊಲೀಸ್ ಅಮೀನನೊಬ್ಬ ವಿಚಾರಣೆಗೆ ಬಂದಿದ್ದ. ಸುತ್ತ ತಿರುಗಿ ನೋಡಿ, ಕೌದಿ ಹೊಲಿಗೆಯ ರೆಕ್ಕೆಯನ್ನು ಬೆರಳಿನಿಂದ ಬಡಿದು, "ಇದಕ್ಕ ಪರವಾನಗಿ ಯಾಕ ಬೇಕು, ಇದು ಹಾರೂದಲ್ಲ ಬಿಡ್ರಿ" ಎಂದು ಚಹಾ ಕುಡಿದು ಹೋದ. ಅವಮಾನವೇ ಅನುಮತಿಯಾಯಿತು.

ಬೇಗಂಪೇಟೆಯಲ್ಲಿ ವಿಮಾನಗಳನ್ನು ಮೈದಾನದಲ್ಲಿ ಓಡಿಸಿ ನೋಡುವ ಕೆಲಸ ಬಿಸ್ಮಿಲ್ಲಾನದೇ ಆಗಿತ್ತು, ಆದ್ದರಿಂದ ಅವನೇ ಒಳಗೆ ಕೂತ. ಎಂಜಿನ್ ಗುಡುಗಿತು, ಕೊಕ್ಕರೆಗಳೆಲ್ಲ ಎದ್ದು ಹಾರಿದವು. ವಿಮಾನ ಮಾತ್ರ ಏಳಲಿಲ್ಲ. ಮೂಗು ಎತ್ತಿಕೊಂಡು, ಹಿಂದೆ ನೀರಿನ ದಿಬ್ಬ ಎಬ್ಬಿಸುತ್ತ ಆ ದಂಡೆಯಿಂದ ಈ ದಂಡೆಗೆ ಓಡಿತು. ಎಷ್ಟು ಜೋರು ಮಾಡಿದರೂ ನೀರು ಅದರ ತಳವನ್ನು ಬಿಡಲೊಲ್ಲದು. ಪ್ರತಿ ಸಲ ದಂಡೆಗೆ ಬಂದಾಗ ಅಂಬಣ್ಣ ಅದನ್ನು ಮಗ್ಗುಲಾಗಿಸಿ ತಳ ಇನ್ನಷ್ಟು ಉಜ್ಜಿದ, ಇನ್ನಷ್ಟು ಮೇಣ ಹಚ್ಚಿದ. ಹಚ್ಚಿದಷ್ಟೂ ನೀರಿನ ಹಿಡಿತ ಬಿಗಿಯಾಯಿತು.

ಸಂಕ್ರಾಂತಿಯ ಆಸುಪಾಸಿನ ಒಂದು ಮುಂಜಾನೆ ವಿಮಾನ ಓಡತೊಡಗಿದಾಗಲೇ ನೀರಿನೊಳಗಿನ ಬಂಡೆಗೆ ತಗುಲಿತು. ದಡ್ ಎಂದ ಸದ್ದು ದಂಡೆಯಲ್ಲಿದ್ದ ಅಂಬಣ್ಣನಿಗೂ ಕೇಳಿತು, ಒಂದು ಹಲಗೆ ಹಿಂದೆ ತೇಲಿಬಂತು. ಎಂಜಿನ್ ಗುಡುಗಿನಲ್ಲಿ ಬಿಸ್ಮಿಲ್ಲಾನಿಗೆ ಅದು ಕೇಳಲಿಲ್ಲ. ಓಡುತ್ತ ಓಡುತ್ತ ಒಮ್ಮೆಗೇ ಹಿಂದಿನ ನೀರಿನ ದಿಬ್ಬ ಕುಸಿಯಿತು. ವಿಮಾನದ ಹೊಟ್ಟೆಗೂ ನೀರಿಗೂ ನಡುವೆ ಬೆಳಕು ಕಂಡಿತು. ಗೇಣಿನಷ್ಟು ಬೆಳಕು. ಎದುರು ಕೆರೆಯ ಏರಿ ಬಂದದ್ದರಿಂದ ಬಿಸ್ಮಿಲ್ಲಾ ಎಂಜಿನ್ ಕಡಿಮೆ ಮಾಡಿದ, ವಿಮಾನ ಮತ್ತೆ ನೀರಿಗೆ ಕೂತಿತು. ಅವನು ದಂಡೆಗೆ ಬಂದವನೇ ಅಂಬಣ್ಣನನ್ನು ಎತ್ತಿ ತಿರುಗಿಸಿದ.

"ಎದ್ದಿತ್ತಲೋ! ನೀ ನೋಡ್ದಿ?"

"ನೋಡ್ದೆ ಮಿಸ್ತ್ರಿ, ನೋಡ್ದೆ."

"ಗಾಳಿ ಎದುರಿಗಿತ್ತು, ಅದಕ್ಕೇ ಎದ್ದಿತು. ನಾಳಿ ಆ ತುದಿಯಿಂದ ಓಡಿಸ್ತೀನಿ, ಏರಿ ದಾಟಿಸ್ತೀನಿ. ಜಾಹೇದಾನ್ನೂ ಕರ್ಕೊಂಡು ಬರ್ತೀನಿ, ಅಕೀ ಕಣ್ಣಾರೆ ನೋಡ್ಲಿ."

ವಿಮಾನವನ್ನು ಮಗ್ಗುಲಾಗಿಸಿ ನೋಡಿದರೆ ತಳದ ಹೊರ ಪದರ ನಡುವಿನಿಂದ ಹಿಂದಕ್ಕೆ ಕಿತ್ತುಹೋಗಿತ್ತು. ಮುಂದಿನ ಹಲಗೆ ನಿಂತಲ್ಲಿ ಎರಡು ಬೆರಳು ದಪ್ಪದ ಮೆಟ್ಟಿಲು ಅಡ್ಡಡ್ಡ ಉಳಿದಿತ್ತು. ಒಳ ಪದರ ಗಟ್ಟಿಯಾಗಿತ್ತು, ಹನಿ ನೀರೂ ಸೋರಿರಲಿಲ್ಲ. ಇಲ್ಲಿಯೇ ನಿಂತು ಹೇಳಬೇಕು: ಅದನ್ನು ಎಬ್ಬಿಸಿದ್ದು ಗಾಳಿಯಲ್ಲ, ಆ ಮೆಟ್ಟಿಲು. ನೀರಿನ ವಿಮಾನದ ತಳಕ್ಕೆ ನಡುವೆ ಅಂಥ ಮೆಟ್ಟಿಲು ಇರಲೇಬೇಕು. ಓಡುವಾಗ ನೀರು ಅಲ್ಲಿ ಕಡಿದು ಬೀಳುತ್ತದೆ, ಹಿಂದಿನ ತಳಕ್ಕೆ ಗಾಳಿ ಹೊಗುತ್ತದೆ, ಆಗಲೇ ನೀರು ಕೈ ಬಿಡುವುದು. ಸಮುದ್ರದ ದಂಡೆಯ ಬಡಿಗನಿಗೆ ಇದು ಗೊತ್ತು. ಕಮಲಾಪುರದ ಬಡಿಗನಿಗೆ ಯಾರು ಹೇಳಬೇಕು? ಬಂಡೆಗಲ್ಲೊಂದು ಹೇಳಿತ್ತು, ಅದರ ಮಾತು ಅವನಿಗೆ ತಿಳಿಯಲಿಲ್ಲ.

ಅಂಬಣ್ಣನಿಗೆ ಕಂಡದ್ದು ಗಾಯ. ಅಂಗೈ ಓಡಿಸಿದ, ತಡೆಯಿತು. ಅವನ ಮುಖ ಸಣ್ಣದಾಯಿತು.

"ಹಂಗೇ ಇರ್ಲಿ ಬಿಡಪಾ, ನೀರು ಒಳಗ ಬರವಲ್ದು" ಎಂದ ಬಿಸ್ಮಿಲ್ಲಾ.

"ಏನ್ ಮಾತಾಡ್ತಿ ಮಿಸ್ತ್ರಿ? ಇಷ್ಟು ಹರಕಾಗಿ ಇಟ್ಕೊಂಡು ಗೇಣು ಎದ್ದದ, ನೆಟ್ಟಗ ಮಾಡಿದ್ರ ಮುಗಿಲಿಗಿ ಹೋಗ್ತದ. ನಾಳಿ ಜಾಹೇದಾ ತಂಗಿ ಬರ್ತಾಳ. ಬಡಿಗೇರ ಹೊಟ್ಟ್ಯಾಗ ಹುಟ್ಟಿ ಇಂಥಾದು ಆಕೀಗಿ ತೋರಿಸ್ಲೇನು?"

ಆ ದಿನ ಪೂರ್ತಿ ಅವನು ಊಟಕ್ಕೂ ಏಳಲಿಲ್ಲ. ಒಳ್ಳೆಯ ಸಾಗವಾನಿ ತುಂಡು ಆರಿಸಿ ಕೂಡಿಸಿದ, ಗೀಸಿದ, ಉಜ್ಜಿದ, ಮೇಣ ತಿಕ್ಕಿದ. ಹೊಸ ಹಲಗೆ ಎಲ್ಲಿ ಸುರುವಾಗುತ್ತದೆ ಎಂದು ಬಿಸ್ಮಿಲ್ಲಾನಿಗೂ ಕಂಡುಹಿಡಿಯಲಾಗಲಿಲ್ಲ. ಅಂಬಣ್ಣ ಜೀವಮಾನದಲ್ಲಿ ಮಾಡಿದ ಅತ್ಯಂತ ಚೆಂದದ ಕೆಲಸ ಅದು.

ಮರುದಿನ ಊರಿಗೆ ಊರೇ ಏರಿಯ ಮೇಲೆ ನೆರೆಯಿತು. ಬುರ್ಖಾದ ಮುಸುಕು ಎತ್ತಿ ಜಾಹೇದಾ ದುಂಡಮ್ಮನ ಪಕ್ಕದಲ್ಲಿ ಕೂತಳು. ಗಾಳಿಯೂ ಹಿಂದಿನ ದಿನದಷ್ಟೇ ಇತ್ತು. ಬಿಸ್ಮಿಲ್ಲಾ ಆ ತುದಿಯಿಂದ ಈ ತುದಿಗೆ ಓಡಿಸಿದ, ತಿರುಗಿಸಿ ಮತ್ತೆ ಓಡಿಸಿದ. ಹಿಂದಿನ ನೀರಿನ ದಿಬ್ಬ ಒಮ್ಮೆಯೂ ಕುಸಿಯಲಿಲ್ಲ. ಮಧ್ಯಾಹ್ನವಾಗುವುದರೊಳಗೆ ಜನ ಸಿಳ್ಳೆ ಹೊಡೆದು ಮನೆಗೆ ಹೋದರು. ಜಾಹೇದಾ ಮುಸುಕು ಇಳಿಸಿಕೊಂಡಳು. ಅವಳು ಅಳುತ್ತಿದ್ದಳು ಎಂದು ದುಂಡಮ್ಮ ಆಮೇಲೆ ಹೇಳಿದಳು. ಉಳಿಯಬೇಕೆಂಬ ಆಸೆ ಅವಳಿಗೂ ಇತ್ತೋ ಏನೋ.

ಆಮೇಲೆ ಲಾರಿಯವರನ್ನು ಕಾಡಿ ಬೇಡಿ ತಂದ ಪೆಟ್ರೋಲು ಸುಟ್ಟದ್ದೇ ಬಂತು. ರೆಕ್ಕೆ ಹಗುರ ಮಾಡಿ ನೋಡಿದರು, ಆಸನ ಮುಂದೆ ಹಿಂದೆ ಸರಿಸಿ ನೋಡಿದರು, ಎಂಜಿನ್ನಿನ ಪಂಖ ಬದಲಿಸಿ ನೋಡಿದರು. ತಳವನ್ನು ಯಾರೂ ಅನುಮಾನಿಸಲಿಲ್ಲ, ಅಷ್ಟು ಚೆಂದವಿತ್ತು ಅದು. ಶಿವರಾತ್ರಿ ಕಳೆಯಿತು, ಕೆರೆ ಹಿಂದೆ ಸರಿಯಿತು, ಹೋಳಿ ಹುಣ್ಣಿಮೆಯ ಹೊತ್ತಿಗೆ ಎಮ್ಮೆಗಳು ನಡುಕೆರೆಯಲ್ಲಿ ನಿಂತರೂ ಬೆನ್ನು ಒಣಗಿರುತ್ತಿತ್ತು. ವಿಮಾನ ಕೆಸರಿನಲ್ಲಿ ಕೂತಿತು.

ಬಿಸ್ಮಿಲ್ಲಾ ಶೆಡ್ಡು ಮಾರಿದ. ಕಲಬುರಗಿ ಸ್ಟೇಷನ್ನಿನಲ್ಲಿ ಮುಂಬಯಿ ರೈಲಿಗೆ ಅವರನ್ನು ಹತ್ತಿಸಲು ಅಂಬಣ್ಣ, ದುಂಡಮ್ಮ ಹೋದರು. ಮುಂಬಯಿಯಿಂದ ಹಡಗಿನಲ್ಲಿ ಕರಾಚಿ. ಹೆಂಗಸರಿಬ್ಬರೂ ಒಬ್ಬರ ಕೊರಳಿಗೊಬ್ಬರು ಬಿದ್ದು ಅತ್ತರು. ಗಂಡಸರು ಎಂಜಿನ್ ಮಾತಾಡಿದರು.

"ಅಂಬಣ್ಣ, ಒಂದು ಸಲ ಎದ್ದಿತ್ತಲ್ಲ?" ಎಂದ ಬಿಸ್ಮಿಲ್ಲಾ ಕಿಟಕಿಯಿಂದ. "ಸುಳ್ಳಲ್ಲಲ್ಲ ಅದು?"

"ಸುಳ್ಳಲ್ಲ ಮಿಸ್ತ್ರಿ. ಕಣ್ಣಾರೆ ನೋಡೀನಿ."

ರೈಲು ಹೋಯಿತು. ಆಮೇಲೆ ಅವನ ಸುದ್ದಿಯೇ ಇಲ್ಲ. ಬದುಕಿದ್ದಾನೋ ಇಲ್ಲವೋ, ಕರಾಚಿ ಮುಟ್ಟಿದನೋ ಇಲ್ಲವೋ, ಯಾರನ್ನು ಕೇಳಬೇಕು?

ಅಂಬಣ್ಣ ಕಲಬುರಗಿಯ ಬೇಳೆ ಮಿಲ್ಲೊಂದರಲ್ಲಿ ಜರಡಿ, ಚೌಕಟ್ಟು ಮಾಡುವ ಕೆಲಸಕ್ಕೆ ಸೇರಿದ. ಕೆಲವು ವರ್ಷ ಕಳೆದ ಮೇಲೆ ಮಿಲ್ಲಿನ ಮಾಲೀಕ ಚಂದ್ರಾಮಪ್ಪ ವಿಲಾಯತಿ ಯಂತ್ರವೊಂದನ್ನು ಬಿಡಿಸಿಕೊಂಡು ಬರಲು ಅವನನ್ನೂ ಮುಂಬಯಿ ಬಂದರಕ್ಕೆ ಕರೆದೊಯ್ದ. ಅಂಬಣ್ಣ ಸಮುದ್ರ ಕಂಡದ್ದು ಆಗಲೇ. ಗೋದಾಮಿನ ಪಕ್ಕದ ಇಳಿಜಾರಿನಲ್ಲಿ ದೋಣಿ ಹೊಟ್ಟೆಯ ವಿಮಾನವೊಂದನ್ನು ರಿಪೇರಿಗೆಂದು ದಂಡೆಗೆ ಎಳೆದು ನಿಲ್ಲಿಸಿದ್ದರು. ಅವನ ಕಾಲುಗಳು ತಾವಾಗಿಯೇ ಅತ್ತ ನಡೆದವು. ಬಗ್ಗಿ ಅದರ ಕೆಳಗೆ ಹೋಗಿ, ಕಣ್ಣು ಮುಚ್ಚಿ ತಳದ ಮೇಲೆ ಅಂಗೈ ಓಡಿಸಿದ. ನಡುವೆ ಕೈ ತಡೆಯಿತು.

"ಇಲ್ಲಿ ಯಾರು ಕೆಡಿಸ್ಯಾರ?" ಎಂದು ಅರ್ಧ ಮರಾಠಿ ಅರ್ಧ ಉರ್ದುವಿನಲ್ಲಿ ಅಲ್ಲಿದ್ದ ಖಲಾಸಿಯನ್ನು ಕೇಳಿದ. ಖಲಾಸಿ ನಕ್ಕ. ಕೆಡಿಸಿದ್ದಲ್ಲ, ಬೇಕೆಂದೇ ಬಿಟ್ಟದ್ದು, ಆ ಮೆಟ್ಟಿಲಿಲ್ಲದಿದ್ದರೆ ನೀರು ಇದನ್ನು ಜನ್ಮದಲ್ಲಿ ಬಿಡುವುದಿಲ್ಲ ಎಂದ. ಚಂದ್ರಾಮಪ್ಪ ಹುಡುಕಿಕೊಂಡು ಬಂದಾಗ ಅಂಬಣ್ಣ ಅದರ ಕೆಳಗೆಯೇ ಕೂತಿದ್ದ. ಬಿಸಿಲು ಹತ್ತಿರಬೇಕೆಂದು ನೀರು ತರಿಸಿ ಕುಡಿಸಿದರು.

ಊರಿಗೆ ಬಂದವನು ಉಂಡ, ಮಲಗಿದ, ಕೆಲಸಕ್ಕೆ ಹೋದ. ಏನಾಯಿತೆಂದು ದುಂಡಮ್ಮ ಕೇಳಿ ಕೇಳಿ ಸಾಕಾದ ಮೇಲೆ ಒಂದು ದಿನ ರೊಟ್ಟಿ ಮುರಿಯುತ್ತ ಎಲ್ಲ ಹೇಳಿದ.

"ಕಲ್ಲು ಬಡಿದ ದಿವಸ ಅದು ಸರಿ ಆಗಿತ್ತು. ನಾನೇ ಕೂತು ತುಂಬಿದೆ. ಬ್ಯಾಡಂತ ಮಿಸ್ತ್ರಿ ಅಂದಿದ್ದ, ಕೇಳಲಿಲ್ಲ."

"ವಿಮಾನ ಎದ್ದಿದ್ರೂ ಅವ್ರು ಹೋಗೇ ಹೋಗ್ತಿದ್ರು ಬಿಡ್ರಿ" ಎಂದಳು ದುಂಡಮ್ಮ. "ಜಾಹೇದಾ ಅಷ್ಟು ಅಂಜಿದ್ಲು. ಇವತ್ತಿಲ್ಲ ನಾಳಿ ಹೋಗ್ತಿದ್ರು. ನೀವ್ಯಾಕ ಮನಸಿಗಿ ಹಚ್ಕೋತೀರಿ?"

ಅಂಬಣ್ಣ ತಲೆಯಾಡಿಸಿದ. "ಇಲ್ಲ. ಎದ್ದರ ಇರ್ತೀನಂತ ಜುಬಾನ್ ಕೊಟ್ಟಿದ್ದ. ಇರ್ತಿದ್ದ ಅವ."

ದುಂಡಮ್ಮ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಬಿಸ್ಮಿಲ್ಲಾ ಕೊಟ್ಟ ಮಾತಿಗೆ ಎಂದೂ ತಪ್ಪಿದವನಲ್ಲ ಎಂಬುದು ಅವಳಿಗೂ ಗೊತ್ತಿತ್ತು.